ಮೆಟ್ಟುಗತ್ತಿ ಬಿಟ್ಟ ಹದಿನಾರು ದಿನ: ಗೃಧ್ರಸಿಗೆ ಬಸ್ತಿ ಚಿಕಿತ್ಸೆಯ ಒಂದು ಪ್ರಕರಣ

ಶಿರಸಿ ತಾಲೂಕಿನ ಹುಲೇಕಲ್ ಕಡೆಯ ಅಡಿಕೆ ತೋಟದ ಮನೆ. 52 ವರ್ಷದ ಗೃಹಿಣಿ. ಎಡ ಪೃಷ್ಠದಲ್ಲಿ ಹುಟ್ಟಿ, ತೊಡೆಯ ಹಿಂಬದಿ ಹಾದು, ಮೀನಖಂಡ ದಾಟಿ ಪಾದದ ಹೊರ ಅಂಚಿನವರೆಗೆ ಇಳಿಯುವ ನೋವು, ಆಯುರ್ವೇದ ಗೃಧ್ರಸಿ ಎನ್ನುವ ಸಯಾಟಿಕಾ. ನನ್ನ ಚಿಕಿತ್ಸಾಲಯಕ್ಕೆ ಬಂದದ್ದು ಫೆಬ್ರವರಿಯಲ್ಲಿ, ನೋವು ಶುರುವಾಗಿ ಮೂರು ತಿಂಗಳು ಕಳೆದ ಮೇಲೆ. ಅಷ್ಟರಲ್ಲಿ ಬೇರೊಂದು ಕಡೆ ಎಂಟು ದಿನದ ಬಸ್ತಿಯೂ, ಅಂದರೆ ಗುದದ್ವಾರದಿಂದ ಔಷಧ ಕೊಡುವ ಚಿಕಿತ್ಸೆಯೂ, ಮುಗಿದಿತ್ತು. ಬಸ್ತಿಯಾದ ವಾರ ಹಾಯೆನಿಸಿತ್ತು, ಆಮೇಲೆ ನೋವು ಮೊದಲಿನಂತೆಯೇ ಮರಳಿತ್ತು. "ಕುತ್ಗಂಡ್ರೆ ಏಳಲೆ ಆಗ್ತಿಲ್ಲೆ, ಎದ್ರೆ ಕುತ್ಗಳಲೆ ಆಗ್ತಿಲ್ಲೆ ಡಾಕ್ಟ್ರೇ" ಎಂದರು. ಬಸ್ತಿ ತಮ್ಮ ಮೈಗೆ ಹಿಡಿಸುವುದಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು.

ಅದೇ ವರ್ಷದ ಮಳೆಗಾಲದಲ್ಲಿ ಅವರಿಗೆ ಮತ್ತೆ ಬಸ್ತಿ ಕೊಟ್ಟೆವು. ಎರಡು ಸಲವೂ ಕಷಾಯ ಹೆಚ್ಚುಕಡಿಮೆ ಒಂದೇ. ಬದಲಾದದ್ದು ಕೊಟ್ಟ ಕಾಲ, ಕೊಡುವ ಮುಂಚಿನ ತಯಾರಿ, ಕೊಟ್ಟ ಮೇಲಿನ ದಿನಗಳು. ನಮ್ಮ ಸೀಮೆಯ ರೋಗಿಗಳ ಮಟ್ಟಿಗೆ ಬಸ್ತಿಯ ಫಲ ನಿಂತಿರುವುದು ಈ ಮೂರರ ಮೇಲೆ ಎಂದು ನಾನು ನಂಬಿದ್ದೇನೆ. ಅದಕ್ಕಾಗಿ, ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬಿಟ್ಟು, ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಬಂದಾಗ ಕಂಡದ್ದು

ಮಲಗಿಸಿ ಎಡಗಾಲನ್ನು ಮಂಡಿ ಮಡಚದೆ ಎತ್ತಿದರೆ ಸುಮಾರು 35 ಡಿಗ್ರಿಗೇ ನೋವು ಮಿಂಚುತ್ತಿತ್ತು. ಎಡ ಹಿಮ್ಮಡಿಯ ಪ್ರತಿಕ್ರಿಯೆ ಮಂದ. ಕಿರುಬೆರಳಿನ ಕಡೆ ಜೋಮು. ಹುಬ್ಬಳ್ಳಿಯಲ್ಲಿ ಮಾಡಿಸಿದ ಎಂಆರ್‌ಐಯಲ್ಲಿ ಬೆನ್ನೆಲುಬಿನ ಕೆಳಭಾಗದ ಎಲ್5–ಎಸ್1 ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ಎಡಗಡೆಯ ನರವನ್ನು ಒತ್ತುತ್ತಿರುವುದು ಕಾಣುತ್ತಿತ್ತು. ಲಕ್ಷಣವೂ ಚಿತ್ರವೂ ತಾಳೆಯಾಗುತ್ತಿದ್ದವು. ಚರಕ ಸಂಹಿತೆಯ ವಾತವ್ಯಾಧಿ ಅಧ್ಯಾಯದಲ್ಲಿ ಗೃಧ್ರಸಿಯ ವರ್ಣನೆಯೂ ಇದೇ ದಾರಿ ಹಿಡಿದಿದೆ: ಮೊದಲು ಪೃಷ್ಠ, ಆಮೇಲೆ ಸೊಂಟ, ತೊಡೆ, ಮಂಡಿ, ಮೀನಖಂಡ, ಪಾದ.

ಇಂಥವರು ಬಂದಾಗ ಕಷಾಯದ ಮಾತಿಗೆ ಮುಂಚೆ ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಮೂತ್ರ ಕಟ್ಟಿಕೊಳ್ಳುತ್ತದೆಯೇ, ತಿಳಿಯದೆ ಹೋಗುತ್ತದೆಯೇ? ಕುಳಿತಾಗ ನೆಲಕ್ಕೆ ತಾಗುವ ಭಾಗದಲ್ಲಿ ಸ್ಪರ್ಶ ಗೊತ್ತಾಗುತ್ತದೆಯೇ? ಪಾದ ಎತ್ತಲು ಬಾರದೆ ಚಪ್ಪಲಿ ಜಾರುತ್ತದೆಯೇ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಬಸ್ತಿಯ ಕೋಣೆಗೆ ಕರೆದುಕೊಂಡು ಹೋಗುವಂತಿಲ್ಲ, ಅದೇ ದಿನ ನರ ಶಸ್ತ್ರಚಿಕಿತ್ಸಕರ ಬಳಿ ಕಳಿಸಬೇಕು. ಇವರಿಗೆ ಅಂಥದ್ದೇನೂ ಇರಲಿಲ್ಲ. ರಕ್ತದ ಸಕ್ಕರೆ ಸರಿಯಿತ್ತು. ಮಧುಮೇಹಿಗಳಿಗೆ ಕಷಾಯದ ಬಸ್ತಿಯಾದ ನಿರೂಹ ಕೂಡದೆಂದು ಸಂಹಿತೆಯೇ ಹೇಳಿರುವುದರಿಂದ ಅದನ್ನು ನೋಡದೆ ಮುಂದುವರಿಯುವುದಿಲ್ಲ. ಗುದ ಪರೀಕ್ಷೆಯಲ್ಲಿ ಹಳೆಯ ಸೀಳಿನ ಗುರುತೊಂದು ಕಂಡಿತು, ಒಣಗಿತ್ತು.

ಸೀಳಿನ ಗುರುತು ಇನ್ನೊಂದು ಮಾತಿಗೆ ದಾರಿಯಾಯಿತು. ಮಲಪ್ರವೃತ್ತಿ ಎರಡು ಮೂರು ದಿನಕ್ಕೊಮ್ಮೆ, ಅದೂ ಗಟ್ಟಿ. ಎಷ್ಟು ವರ್ಷದಿಂದ ಎಂದರೆ ನೆನಪಿಲ್ಲ. ಅಡಿಕೆ ಗೊನೆ ಕೊಯ್ಲಿನ ಕಾಲದಲ್ಲಿ ಜಾಸ್ತಿ. ಯಾಕೆ ಎಂದು ಕೆದಕಿದಾಗ ಅವರ ದಿನಚರಿ ಬಿಚ್ಚಿಕೊಂಡಿತು. ನವೆಂಬರಿನಿಂದ ಹಸಿ ಅಡಿಕೆ ಸುಲಿಯುವ ಕೆಲಸ. ಸಂಜೆ ದೀಪ ಹಚ್ಚಿದ ಮೇಲೆ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮಣೆಯ ಮೇಲೆ ಒಂದು ಕಾಲು ಮಡಚಿ, ಇನ್ನೊಂದು ಕಾಲಿನಿಂದ ಮಣೆ ಒತ್ತಿ, ಸೊಂಟ ಬಗ್ಗಿಸಿ ಕೂತರೆ ಏಳುವುದು ಮಧ್ಯರಾತ್ರಿ. ಸುಲಿಯಲು ಬಂದ ಅಕ್ಕಪಕ್ಕದವರ ನಡುವಿನಿಂದ ಪದೇ ಪದೇ ಎದ್ದು ಹೋಗಲು ಸಂಕೋಚ. ಹಾಗಾಗಿ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮಲಮೂತ್ರದ ವೇಗ, ಅಂದರೆ ಹೋಗಬೇಕೆಂಬ ಒತ್ತಡ, ಬಂದರೆ ತಡೆದುಕೊಳ್ಳುತ್ತಿದ್ದರು. ಕೊಯ್ಲು ಮುಗಿದರೆ ಚಾಲಿ, ಅಂದರೆ ಒಣಗಿದ ಅಡಿಕೆ ಸುಲಿಯುವುದು, ಅದು ಬೇಸಿಗೆಯವರೆಗೆ.

ಮಲಮೂತ್ರಗಳನ್ನು ಹೊರದೂಡುವ ಅಪಾನವಾತ ಕೆಡಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ವೇಗಧಾರಣೆ, ನೀರಿನ ಕೊರತೆ, ರಾತ್ರಿ ಜಾಗರಣೆ, ಒಂದೇ ಭಂಗಿ, ಮಾರ್ಗಶಿರ ಪುಷ್ಯದ ಚಳಿ. ಮಲ ಕಟ್ಟಿ ತಿಣುಕಿದಾಗೆಲ್ಲ ನೋವು ಕಾಲಿಗೆ ಹೊಡೆಯುತ್ತಿತ್ತು ಎಂದರು. ತಿಣುಕುವಾಗ ಬೆನ್ನುಹುರಿಯ ಸುತ್ತ ಒತ್ತಡ ಏರುವುದರಿಂದ ಡಿಸ್ಕ್ ನೋವು ಕೆರಳುತ್ತದೆಂದು ಆಧುನಿಕ ವೈದ್ಯವೂ ಹೇಳುತ್ತದೆ.

ಯಾಕೆ ಬಸ್ತಿ, ಯಾಕೆ ಆಗಲೇ ಅಲ್ಲ

ವಾತದ ಮುಖ್ಯ ನೆಲೆ ಪಕ್ವಾಶಯ, ಅಂದರೆ ದೊಡ್ಡ ಕರುಳು. ಅಲ್ಲಿಗೇ ಔಷಧ ಮುಟ್ಟಿಸುವುದು ಬಸ್ತಿ. ಅದು ಅರ್ಧ ಚಿಕಿತ್ಸೆ, ಕೆಲವರ ಮತದಲ್ಲಿ ಪೂರ್ಣ ಚಿಕಿತ್ಸೆಯೇ ಎಂದು ಚರಕದ ಸಿದ್ಧಿಸ್ಥಾನ ಹೇಳುತ್ತದೆ. ಬುಡಕ್ಕೆ ನೀರೆರೆದರೆ ಮರ ಚಿಗುರುವಂತೆ ಗುದದ್ವಾರದಿಂದ ಕೊಟ್ಟ ಎಣ್ಣೆ ಮೈಯೆಲ್ಲ ಹಬ್ಬುತ್ತದೆ ಎಂಬ ಮಾತೂ ಅಲ್ಲೇ ಇದೆ. ತೋಟದವರಿಗೆ ಇದನ್ನು ಹೇಳಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆ ಖಾಲಿ ಮಾಡಿಸಲು ಕೊಡುವ ಎನಿಮಾಕ್ಕೂ ಇದಕ್ಕೂ ಇರುವ ಅಂತರವನ್ನು ಪ್ರತಿ ರೋಗಿಗೂ ಬಿಡಿಸಿ ಹೇಳುತ್ತೇನೆ. ಎನಿಮಾದ ಕೆಲಸ ಮಲ ಹೊರಬಂದ ಕೂಡಲೇ ಮುಗಿಯಿತು. ಬಸ್ತಿಯಲ್ಲಿ ನಿರೂಹ ಎಂಬ ಕಷಾಯದ ಬಸ್ತಿ ಉಂಟು, ಅನುವಾಸನ ಎಂಬ ಎಣ್ಣೆಯ ಬಸ್ತಿ ಉಂಟು. ಒಂದು ಶೋಧಿಸುತ್ತದೆ, ಇನ್ನೊಂದು ಸ್ನಿಗ್ಧ ಮಾಡುತ್ತದೆ. ಬರೀ ನಿರೂಹ ಕೊಡುತ್ತಾ ಹೋದರೆ ವಾತ ಕೆರಳುತ್ತದೆ, ಬರೀ ಎಣ್ಣೆ ಕೊಟ್ಟರೆ ಅಗ್ನಿ, ಅಂದರೆ ಜೀರ್ಣಶಕ್ತಿ ಕೆಡುತ್ತದೆ. ಆದ್ದರಿಂದ ಒಂದಾದ ಮೇಲೊಂದು ಹೆಣೆದು ಕೊಡುವುದು. 30 ಬಸ್ತಿಯ ಸರಣಿ ಕರ್ಮಬಸ್ತಿ, 16ರದ್ದು ಕಾಲಬಸ್ತಿ, 8ರದ್ದು ಯೋಗಬಸ್ತಿ. ಯೋಗಬಸ್ತಿಯಲ್ಲಿ ಅನುವಾಸನ ಐದು, ನಿರೂಹ ಮೂರು.

ಹಿಂದಿನ ಚಿಕಿತ್ಸೆಯ ಚೀಟಿ ನೋಡಿದೆ. ಔಷಧದ ಆಯ್ಕೆಯಲ್ಲಿ ತಪ್ಪಿರಲಿಲ್ಲ. ಆದರೆ ಅದು ನಡೆದದ್ದು ಡಿಸೆಂಬರಿನಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಬಸ್ತಿ ಮಾಡಿಸಿಕೊಂಡು ಮಧ್ಯಾಹ್ನ ಮರಳಿ, ಸಂಜೆ ಮತ್ತೆ ಮೆಟ್ಟುಗತ್ತಿಯ ಮುಂದೆ. ಮುಗಿದ ಮರುದಿನದಿಂದ ಪೂರ್ತಿ ಕೆಲಸ. ಬಸ್ತಿ ಎಷ್ಟು ದಿನವೋ ಅದರ ಎರಡರಷ್ಟು ದಿನ ಪರಿಹಾರಕಾಲ, ಅಂದರೆ ಪಥ್ಯದ ಕಾಲ ಪಾಲಿಸಬೇಕು ಎಂಬುದು ಶಾಸ್ತ್ರದ ಮಾತು. ಎಂಟಕ್ಕೆ ಹದಿನಾರು. ಆ ದಿನಗಳಲ್ಲಿ ಅತಿಯಾಗಿ ಕೂರುವುದು, ಅತಿಯಾಗಿ ನಿಲ್ಲುವುದು, ವಾಹನದ ಕುಲುಕಾಟ, ಹಗಲುನಿದ್ರೆ, ವೇಗಧಾರಣೆ, ಸಂಭೋಗ, ತಣ್ಣನೆಯದು, ಹೊತ್ತು ತಪ್ಪಿದ ಊಟ ಎಲ್ಲವೂ ವರ್ಜ್ಯ. ಈ ಮಾತನ್ನು ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ, ಹೇಳಿದ್ದರೂ ಡಿಸೆಂಬರಿನಲ್ಲಿ ಯಾವ ತೋಟದ ಮನೆಯಲ್ಲೂ ಅದು ನಡೆಯುವುದಲ್ಲ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಕ್ಕ ದಿನ ಕೊಯ್ಲಾಗಬೇಕು, ಕೊಯ್ದ ಅಡಿಕೆ ಬಾಡುವ ಮುಂಚೆ ಸುಲಿಯಬೇಕು.

ಫೆಬ್ರವರಿಯಲ್ಲಿ ಚಾಲಿ ಸುಲಿಯುವುದು ಬಾಕಿಯಿತ್ತು. ಕೂಡಲೇ ಬಸ್ತಿ ಶುರು ಮಾಡೋಣ ಎಂದು ಮಗ ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಬೇಸಿಗೆಯುದ್ದಕ್ಕೂ ರಾಸ್ನಾಸಪ್ತಕ ಕಷಾಯ, ರಾತ್ರಿ ಬಿಸಿ ಹಾಲಿನಲ್ಲಿ ಸ್ವಲ್ಪ ಔಡಲೆಣ್ಣೆ, ನಡುವೆ ಒಂದು ವಾರ ಮಾತ್ರಾಬಸ್ತಿ. ಮಾತ್ರಾಬಸ್ತಿಗೆ ಬೇಕಾಗುವುದು 60 ಮಿಲಿಲೀಟರಿನ ಆಸುಪಾಸು ಎಣ್ಣೆ ಅಷ್ಟೇ. ಊಟ, ಓಡಾಟ, ಕೆಲಸ ಯಾವುದಕ್ಕೂ ಕಟ್ಟುಪಾಡಿಲ್ಲ. ದುಡಿಯುವವರಿಗೆ, ಭಾರ ಹೊರುವವರಿಗೆ, ಹೆಚ್ಚು ನಡೆಯುವವರಿಗೆ ಸದಾ ಕೊಡಬಹುದಾದ್ದು ಇದು. ಸಹಚರಾದಿ ತೈಲ ಬಳಸಿದೆವು. ಮಲ ಮೃದುವಾಯಿತು, ರಾತ್ರಿಯ ನೋವು ಕೊಂಚ ತಗ್ಗಿತು. ಕಾಲಿಗೆ ಇಳಿಯುವ ಸೆಳೆತ ಮಾತ್ರ ಕದಲಲಿಲ್ಲ.

ಮಳೆಗಾಲದ ಎಂಟು ದಿನ

ಆಷಾಢದಲ್ಲಿ ಕರೆಸಿಕೊಂಡೆ. ವರ್ಷಾ ಋತುವಿನಲ್ಲಿ ವಾತ ಕೆರಳುತ್ತದೆ, ಆ ಋತುವಿನ ಶೋಧನವೇ ಬಸ್ತಿ. ನಮ್ಮ ಘಟ್ಟದ ಮೇಲೆ ಇನ್ನೊಂದು ಅನುಕೂಲವೂ ಸೇರುತ್ತದೆ. ತೋಟಕ್ಕೆ ಬೋರ್ಡೋ ಔಷಧ ಹೊಡೆಸುವ ಗಂಡಸರಿಗೆ ಬಿಡುವಿಲ್ಲದಿದ್ದರೂ ಸುಲಿಯುವ ಹೆಂಗಸರ ಮೆಟ್ಟುಗತ್ತಿ ಅಟ್ಟ ಸೇರಿರುತ್ತದೆ.

ಆದರೆ ಮಳೆಗಾಲಕ್ಕೆ ಇನ್ನೊಂದು ಮುಖವಿದೆ. ವಾತ ಏರುವ ಇದೇ ಹೊತ್ತಿನಲ್ಲಿ ಅಗ್ನಿ ಇಳಿದಿರುತ್ತದೆ. ಬಂದ ದಿನ ನಾಲಿಗೆ ಬೆಳ್ಳಗೆ ಲೇಪಗಟ್ಟಿತ್ತು, ಬೆಳಿಗ್ಗೆ ಹಸಿವಿಲ್ಲ, ಮೈ ಭಾರ. ಅಜೀರ್ಣ ಇರುವಾಗ ಎಣ್ಣೆ ಒಳಗೆ ಹೋದರೆ ಆಮ, ಅಂದರೆ ಪಚನವಾಗದೆ ಉಳಿದ ಆಹಾರದ ದೋಷ ಹೆಚ್ಚುತ್ತದೆ. ಋತು ಸರಿಯಿದೆ ಎಂದು ನೇರವಾಗಿ ಬಸ್ತಿಗೆ ಇಳಿಯುವವರನ್ನು ನೋಡಿದ್ದೇನೆ, ಅದಕ್ಕೆ ನನ್ನ ಸಹಮತವಿಲ್ಲ. ಇವರಿಗೆ ಮೊದಲು ಚಿತ್ರಕಾದಿ ವಟಿ, ಕುಡಿಯಲು ಶುಂಠಿ ಹಾಕಿ ಕುದಿಸಿದ ನೀರು, ಊಟಕ್ಕೆ ಗಂಜಿ. ಹಸಿವು ತಾನಾಗಿ ಬಂದು ನಾಲಿಗೆ ತಿಳಿಯಾಗುವವರೆಗೆ ಕಾದೆವು. ಆಮೇಲೆ ಸೊಂಟ ಕಾಲಿಗೆ ಎಣ್ಣೆ ಸವರಿ ಹಬೆ ಕೊಟ್ಟು, ಮೊದಲ ದಿನದ ಅನುವಾಸನ.

ಅನುವಾಸನ ಕೊಡುವುದು ಊಟವಾದ ಕೂಡಲೇ, ನಿರೂಹ ಕೊಡುವುದು ಹಿಂದಿನ ಊಟ ಕರಗಿದ ಮೇಲೆ ಖಾಲಿ ಹೊಟ್ಟೆಯಲ್ಲಿ. ಎರಡನೆಯ ದಿನ ಮೊದಲ ನಿರೂಹ. ಆರಿಸಿಕೊಂಡದ್ದು ಎರಂಡಮೂಲಾದಿ. ಸಂಹಿತೆ ಇದನ್ನು ಹೇಳಿರುವುದೇ ಮೀನಖಂಡ, ತೊಡೆ, ಪಾದ, ಸೊಂಟ, ಬೆನ್ನಿನ ನೋವಿಗೆ. ಔಡಲದ ಬೇರು ಮುಖ್ಯ. ಜೊತೆಗೆ ಮುತ್ತುಗ, ಲಘುಪಂಚಮೂಲ, ರಾಸ್ನಾ, ಅಶ್ವಗಂಧ, ಅಮೃತಬಳ್ಳಿ, ಪುನರ್ನವ, ಕಕ್ಕೆ, ದೇವದಾರು, ಮದನಫಲ. ಔಡಲ, ಮುತ್ತುಗ, ಕಕ್ಕೆ, ಅಮೃತಬಳ್ಳಿ ನಮ್ಮ ಸುತ್ತಲೇ ಸಿಗುತ್ತವೆ.

ಬೆರೆಸುವ ಕ್ರಮದ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಅವಸರದಲ್ಲಿ ಹಾಳಾಗುವುದು ಇಲ್ಲೇ. ಕಲ್ವದಲ್ಲಿ ಮೊದಲು ಜೇನುತುಪ್ಪ, ಇಲ್ಲಿಯದೇ ತುಡುವೆ ಜೇನಿನದು, 80 ಮಿಲಿಲೀಟರಿನಷ್ಟು. ಅದಕ್ಕೆ 10 ಗ್ರಾಂ ಸೈಂಧವ ಲವಣ. ಬೆರಳಿಗೆ ಒಂದು ಹರಳೂ ಸಿಗದಂತೆ ಅರೆಯಬೇಕು. ಆಮೇಲೆ 120 ಮಿಲಿಲೀಟರ್ ಎಣ್ಣೆ, ಒಮ್ಮೆಲೇ ಸುರಿಯದೆ ನೂಲಿನೆಳೆಯಂತೆ ಬಿಡುತ್ತಾ ತಿರುವಬೇಕು. ಎಣ್ಣೆ ಜೇನಿನೊಳಗೆ ಸೇರಿ ದಪ್ಪಗೆ, ಮಾಸಲು ಬಣ್ಣಕ್ಕೆ ಬರುತ್ತದೆ. ಆಮೇಲೆ ಸಬ್ಬಸಿಗೆ ಮೊದಲಾದವುಗಳ ಕಲ್ಕ, ಅಂದರೆ ಅರೆದ ಮುದ್ದೆ. ಅದಾದ ಮೇಲೆ 300 ಮಿಲಿಲೀಟರ್ ಕಷಾಯ, ಕೊನೆಗೆ ಸ್ವಲ್ಪ ಗೋಮೂತ್ರ. ಜೇನು, ಉಪ್ಪು, ಎಣ್ಣೆ, ಕಲ್ಕ, ಕಷಾಯ ಎಂಬ ಈ ಸಾಲು ಅಷ್ಟಾಂಗಹೃದಯದ್ದು. ಸಾಲು ತಪ್ಪಿ ಕಷಾಯ ಮೊದಲು ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ, ಕೊಳವೆಯಲ್ಲಿ ಒಮ್ಮೆ ಬರೀ ಕಷಾಯ, ಒಮ್ಮೆ ಬರೀ ಎಣ್ಣೆ ಹೋಗುತ್ತದೆ. ಸರಿಯಾಗಿ ಕೂಡಿದ್ದನ್ನು ಸೋಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಮೈಬಿಸಿಗೆ ತರುತ್ತೇವೆ. ಜೇನು ಬಿಸಿಯಾಗಬಾರದು ಎನ್ನುತ್ತಾರಲ್ಲ ಎಂದು ಅವರ ಸೊಸೆ ಕೇಳಿದರು. ಒಳ್ಳೆಯ ಪ್ರಶ್ನೆ. ವಮನ, ಅಂದರೆ ವಾಂತಿ ಮಾಡಿಸುವ ಚಿಕಿತ್ಸೆ, ಮತ್ತು ನಿರೂಹದಲ್ಲಿ ಜೇನು ಪಚನವಾಗದೆಯೇ ಹೊರಬರುವುದರಿಂದ ಅಲ್ಲಿ ಬಿಸಿಗೆ ನಿಷೇಧವಿಲ್ಲ.

ಶಾಸ್ತ್ರದ ಪೂರ್ಣ ಪ್ರಮಾಣ 12 ಪ್ರಸೃತ, ಇಂದಿನ ಲೆಕ್ಕಕ್ಕೆ ಒಂದು ಲೀಟರಿಗೂ ಮೇಲೆ. ನಾವು ಕೊಟ್ಟದ್ದು ಅದರ ಅರ್ಧದಷ್ಟು. ತೆಳ್ಳಗಿನ ಮೈ, ಹಳೆಯ ಸೀಳು, ಐವತ್ತು ದಾಟಿದ ವಯಸ್ಸು. ಎಡಮಗ್ಗುಲಾಗಿ ಮಲಗಿಸಿ ಬಲ ಮಂಡಿ ಮಡಚಿಸಿ, ಬಾಯಿಂದ ನಿಧಾನ ಉಸಿರಾಡಲು ಹೇಳಿ ಕೊಡುವುದು. ಚೀಲದಲ್ಲಿ ಸ್ವಲ್ಪ ಉಳಿಸಿಯೇ ನಿಲ್ಲಿಸಬೇಕು, ಪೂರ್ತಿ ಹಿಂಡಿದರೆ ಗಾಳಿ ಒಳಹೋಗಿ ಹೊಟ್ಟೆಯುಬ್ಬರ. ಒಂದು ಮುಹೂರ್ತ, ಅಂದರೆ 48 ನಿಮಿಷದೊಳಗೆ ನಿರೂಹ ಮರಳಬೇಕು. ಇವರಿಗೆ ಹತ್ತು ನಿಮಿಷದ ಹೊತ್ತಿಗೆ ವೇಗ ಬಂತು. ಕಪ್ಪನೆಯ ಗಂಟು ಮಲ, ಆಮೇಲೆ ಕಷಾಯ, ಕಡೆಗೆ ವಾಯು. ಬಿಸಿನೀರ ಸ್ನಾನ ಮಾಡಿಸಿ ಅನ್ನ, ಹೆಸರುಬೇಳೆ ಸಾರು, ತುಪ್ಪ ಬಡಿಸಿದೆವು. ಅಪ್ಪೆಹುಳಿ ಇಲ್ಲದ ಊಟ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನೊಂದುಕೊಂಡರು. ಆ ದಿನಗಳ ಮಟ್ಟಿಗೆ ಬೇಡವೆಂದೆ.

ಮೂರನೆಯ ದಿನದ ಅನುವಾಸನದ ಎಣ್ಣೆ ರಾತ್ರಿಯಾದರೂ ಹೊರಬರಲಿಲ್ಲ. ಮನೆಯವರು ಗಾಬರಿಯಿಂದ ಫೋನ್ ಮಾಡಿದರು. ಸಾಮಾನ್ಯವಾಗಿ ಮೂರು ಯಾಮ, ಅಂದರೆ ಒಂಬತ್ತು ತಾಸಿನೊಳಗೆ ಬರುವುದು. ಮೈ ರೂಕ್ಷವಾಗಿದ್ದರೆ ಒಳಗೇ ಉಳಿಯುತ್ತದೆ. ಉಬ್ಬರ, ನೋವು, ವಾಕರಿಕೆ ಇಲ್ಲದಿದ್ದರೆ ಮರುದಿನದವರೆಗೂ ಕಾಯಬಹುದು. ಬೆಳಿಗ್ಗೆ ಮಲದೊಡನೆ ಬಂತು, ಹಸಿವೂ ಆಗಿತ್ತು. ಹಾಗಾಗಿ ನಾಲ್ಕನೆಯ ದಿನದ ನಿರೂಹ ನಿಲ್ಲಿಸಲಿಲ್ಲ.

ಆ ಎರಡನೆಯ ನಿರೂಹದಲ್ಲಿ ಮಾತ್ರ ಗುದದಲ್ಲಿ ಕತ್ತರಿಸಿದಂಥ ನೋವು ಬಂತು. ಬಸ್ತಿಯ ಹನ್ನೆರಡು ವ್ಯಾಪತ್ತುಗಳಲ್ಲಿ, ಅಂದರೆ ತೊಡಕುಗಳಲ್ಲಿ ಹೇಳಿದ ಪರಿಕರ್ತಿಕೆಯ ಆರಂಭ ಅದು. ರಕ್ತವಿರಲಿಲ್ಲ. ಸಂಜೆ ಯಷ್ಟಿಮಧು ಹಾಕಿ ಕಾಸಿದ ತುಪ್ಪ ಹಚ್ಚಿಸಿದೆವು, ಆರನೆಯ ದಿನದ ನಿರೂಹದಲ್ಲಿ ಗೋಮೂತ್ರ ಬಿಟ್ಟು ಉಪ್ಪನ್ನು ಅರ್ಧಕ್ಕಿಳಿಸಿ ಎಣ್ಣೆ ಹೆಚ್ಚಿಸಿದೆವು. ತೊಂದರೆಯಿಲ್ಲದೆ ಮುಗಿಯಿತು. ಪುಸ್ತಕದ ಯೋಗವನ್ನು ಮೂರೂ ಸಲ ಹಾಗೇ ಕೊಡಲೇಬೇಕೆಂಬ ಹಟ ವೈದ್ಯನಿಗೆ ಬೇಡ. ಏಳು, ಎಂಟನೆಯ ದಿನ ಎಣ್ಣೆ.

ಇಷ್ಟು ಓದಿ ಮನೆಯಲ್ಲೇ ಮಾಡಿಕೊಳ್ಳಬಹುದು ಎಂದುಕೊಳ್ಳುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಕಿಟ್ ಅಂಗಡಿಯಲ್ಲಿ ಸಿಗುತ್ತದೆ, ಕರುಳಿನ ಸ್ಥಿತಿ ನೋಡುವ ಕಣ್ಣು ಅದರ ಜೊತೆ ಬರುವುದಿಲ್ಲ. ಬಸುರಿಯರು, ಭೇದಿ ಅಥವಾ ಗುದದಲ್ಲಿ ಬಾವು ಇರುವವರು, ರಕ್ತ ಹೋಗುತ್ತಿರುವವರು, ಜಲೋದರದವರು, ಹೃದಯ ದುರ್ಬಲವಾದವರು, ಕರುಳು ಕಟ್ಟಿದ ಅನುಮಾನ ಇರುವವರು ಇದರ ಹತ್ತಿರವೂ ಹೋಗಬಾರದು. ಕೊಳವೆ ತಪ್ಪಾಗಿ ಚುಚ್ಚಿ ಕರುಳು ತೂತಾದರೆ ಜೀವಕ್ಕೇ ಅಪಾಯ.

ಆಮೇಲಿನ ಹದಿನಾರು

ಎಂಟನೆಯ ದಿನಕ್ಕೆ ಕಾಲು 60 ಡಿಗ್ರಿಯವರೆಗೆ ಏಳುತ್ತಿತ್ತು. ರಾತ್ರಿ ನೋವಿಗೆ ಎಚ್ಚರವಾಗುವುದು ನಿಂತಿತ್ತು. ಕಳೆದ ಸಲವೂ ಇಲ್ಲಿಯವರೆಗೆ ಬಂದಿದ್ದರು ಎಂಬುದು ನನಗೆ ನೆನಪಿತ್ತು, ಅವರಿಗೂ.

ಹಾಗಾಗಿ ಈ ಸಲ ಚಿಕಿತ್ಸೆ ಶುರುವಾಗುವ ಮುಂಚೆಯೇ ಗಂಡ, ಮಗ, ಸೊಸೆ ಮೂವರನ್ನೂ ಕೂರಿಸಿ ಮಾತಾಡಿದ್ದೆ. ಕೊಟ್ಟಿಗೆಯ ಸಗಣಿ ಬಾಚುವುದು ಯಾರು, ಬೆಟ್ಟದಿಂದ ಸೊಪ್ಪು ತರುವುದು ಯಾರು, ಬಾವಿಯ ನೀರು ಯಾರು, ಒಂದೊಂದನ್ನೂ ಹೆಸರು ಹಿಡಿದು ಹಂಚಿದೆವು. "ರೆಸ್ಟ್ ತಗೊಳ್ಳಿ" ಎಂಬ ಮಾತಿಗೆ ತೋಟದ ಮನೆಯಲ್ಲಿ ಅರ್ಥವಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿದರೆ ಹೆಂಗಸರು ಏಳುತ್ತಾರೆ. ಬಸ್ತಿಯ ಎಂಟು ದಿನ ಅವರು ಪೇಟೆಯ ತಂಗಿಯ ಮನೆಯಲ್ಲೇ ಉಳಿದಿದ್ದರು, ಮಳೆಗೆ ಹೊಂಡ ಬಿದ್ದ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಕುಲುಕುವುದು ತಪ್ಪಿತು. ಹದಿನಾರರಲ್ಲೂ ಹೆಚ್ಚಿನ ದಿನ ಅಲ್ಲೇ ಇರಲಿ ಎಂದು ತಂಗಿಯೇ ಹಟ ಹಿಡಿದರು. "ಅಕ್ಕ ಮನೆಗೆ ಹೋದ್ರೆ ಸುಮ್ನೆ ಕೂರ್ತಿಲ್ಲೆ" ಎಂದು ಅವರಿಗೆ ಗೊತ್ತಿತ್ತು.

ಅತಿ ಕಷ್ಟವಾದದ್ದು ಹಗಲುನಿದ್ರೆ ಬಿಡುವುದು. ಹೊರಗೆ ಎಡೆಬಿಡದ ಮಳೆ, ಒಳಗೆ ಕಂಬಳಿ, ಕೆಲಸವಿಲ್ಲ. ಹೂಬತ್ತಿ ಹೊಸೆಯಲು ಹೇಳಿದೆ, ಕುರ್ಚಿಯ ಮೇಲೆ ಕೂತು, ನಡುನಡುವೆ ಎದ್ದು ಜಗಲಿಯಲ್ಲಿ ಓಡಾಡುತ್ತಾ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಕುಡಿದು ಶೌಚಕ್ಕೆ ಹೋಗುವ ರೂಢಿ ಈ ದಿನಗಳಲ್ಲೇ ಬೇರೂರಿತು. ಇದನ್ನು ಔಷಧದಷ್ಟೇ ದೊಡ್ಡ ಲಾಭವೆಂದು ನಾನು ಎಣಿಸುತ್ತೇನೆ.

ಹದಿನಾರು ಮುಗಿದಾಗ ಕಾಲು ನೋವಿಲ್ಲದೆ 75 ಡಿಗ್ರಿ ದಾಟಿತು. ದಿನಾ ಮಲಪ್ರವೃತ್ತಿ. ಮಾರಿಕಾಂಬಾ ದೇವಸ್ಥಾನಕ್ಕೆ ನಡೆದುಕೊಂಡೇ ಹೋಗಿಬಂದರು. ಕಿರುಬೆರಳಿನ ಜೋಮು ಅರ್ಧದಷ್ಟು ಉಳಿದಿತ್ತು, ಹಿಮ್ಮಡಿಯ ಪ್ರತಿಕ್ರಿಯೆ ಮರಳಲಿಲ್ಲ. ಇದನ್ನು ಮುಚ್ಚಿಟ್ಟು "ಪೂರ್ತಿ ಗುಣ" ಎಂದು ಬರೆಯುವುದು ಸರಿಯಲ್ಲ. ಈ ಬಗೆಯ ಕಾಲುನೋವು ಬಹಳ ಜನರಲ್ಲಿ ಕೆಲ ತಿಂಗಳಲ್ಲಿ ತಾನಾಗಿಯೇ ತಗ್ಗುವುದೂ ಉಂಟು. ಒಬ್ಬರ ಚಿಕಿತ್ಸೆಯಿಂದ ಬಸ್ತಿಯ ಬಗ್ಗೆ ಎಲ್ಲವನ್ನೂ ಸಾಧಿಸಲಾಗದು. ಆದರೆ ಎಂಟು ತಿಂಗಳು ಕದಲದ ನೋವು ಇಪ್ಪತ್ನಾಲ್ಕು ದಿನದಲ್ಲಿ ಇಳಿದದ್ದನ್ನು ಲೆಕ್ಕಕ್ಕೆ ಹಿಡಿಯದೆ ಇರಲೂ ಆಗುವುದಿಲ್ಲ.

ನಿಜವಾದ ಪರೀಕ್ಷೆ ಮುಂದಿನ ಕೊಯ್ಲು. ಅಕ್ಟೋಬರಿನಲ್ಲಿ ಒಂದು ವಾರ ಮಾತ್ರಾಬಸ್ತಿ ಕೊಟ್ಟೆವು. ಮಗ ಮೆಟ್ಟುಗತ್ತಿಯನ್ನು ಎತ್ತರದ ಬೆಂಚಿಗೆ ಬಿಗಿದು, ಸ್ಟೂಲಿನ ಮೇಲೆ ಕಾಲಿಳಿಬಿಟ್ಟು ಕೂತು ಸುಲಿಯುವಂತೆ ಮಾಡಿಕೊಟ್ಟರು. ಸುಲಿಯುವ ವೇಗ ಕಡಿಮೆಯಾಗುತ್ತದೆ ಎಂದು ಅವರು ಮೊದಲ ವಾರ ಗೊಣಗಿದರು, ಆಮೇಲೆ ಹೊಂದಿಕೊಂಡರು. ಪಕ್ಕದಲ್ಲಿ ನೀರಿನ ತಂಬಿಗೆ, ತಾಸಿಗೊಮ್ಮೆ ಏಳುವುದು, ರಾತ್ರಿ ಹತ್ತಕ್ಕೆ ನಿಲ್ಲಿಸುವುದು. ಜನವರಿಯಲ್ಲಿ ನೋಡಿದಾಗ ಸೊಂಟದಲ್ಲಿ ಬಿಗಿತವಿತ್ತು, ಕಾಲಿಗೆ ಸೆಳೆತ ಇಳಿದಿರಲಿಲ್ಲ. ಚಾಲಿ ಸುಲಿಯುವ ಕೆಲಸವನ್ನು ಈ ವರ್ಷ ಯಂತ್ರಕ್ಕೆ ಕೊಡಲು ಮನೆಯವರು ಒಪ್ಪಿದ್ದಾರೆ. ಮುಂದಿನ ಆಷಾಢದಲ್ಲಿ ಅಗ್ನಿ ನೋಡಿಕೊಂಡು ಇನ್ನೊಂದು ಯೋಗಬಸ್ತಿ ಕೊಡುವುದೆಂದು ಚೀಟಿಯಲ್ಲಿ ಬರೆದಿದ್ದೇನೆ.